ಕೆರೆಯಿಂದ ಎತ್ತಿದ ಬಸವ

ಹಾಲುಕೊಪ್ಪದ ನೀರುಗಂಟಿ ಚನ್ನಮಲ್ಲಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ. ಶನಿವಾರಸಂತೆಯಿಂದ ಒಳಗಿರುವ ಈ ಊರಿನಲ್ಲಿ ಪಂಚಾಯಿತಿ ನಲ್ಲಿಗಳಿಗೆ ನೀರು ಬಿಡುವವನು ಅವನೊಬ್ಬನೇ. ಮೇಲಿನ ಕೇರಿಗೆ ವಾಲ್ವ್ ತಿರುಗಿಸಿದರೆ ಕೆಳಗಿನ ಕೇರಿಯವರು ಬೈಯುತ್ತಾರೆ, ಕೆಳಗಿನ ಕೇರಿಗೆ ತಿರುಗಿಸಿದರೆ ಮೇಲಿನವರು. ಕರೆಂಟು ಹೋದರೂ ಅವನಿಗೇ ಬೈಗುಳ, ಮೋಟಾರು ಸುಟ್ಟರೂ ಅವನಿಗೇ. ಮದುವೆ ಮನೆಯಲ್ಲಿ ಉಣ್ಣಲು ಕೂತರೆ ಪಕ್ಕದ ಎಲೆಯವನು ಪಾಯಸ ಕುಡಿಯುತ್ತಲೇ, "ಏನ್ ಚನ್ನಣ್ಣ, ನಿನ್ನೆ ನೀರೇ ಬರ್ಲಿಲ್ವಲ್ಲ" ಎಂದು ಶುರು ಮಾಡುತ್ತಾನೆ. ವರ್ಷಗಟ್ಟಲೆ ಇಂಥ ಕೆಲಸ ಮಾಡಿದವನ ಸಿಟ್ಟು ಮೂಗಿನ ತುದಿಯಲ್ಲಲ್ಲದೆ ಇನ್ನೆಲ್ಲಿರಬೇಕು?

ಅವನ ಅಪ್ಪನೂ ನೀರುಗಂಟಿಯೇ. ಆದರೆ ಆಗಿನದು ಪಂಚಾಯಿತಿ ಸಂಬಳದ ಕೆಲಸವಲ್ಲ. ಊರ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು, ಸುಗ್ಗಿಯಲ್ಲಿ ಮನೆಗಿಷ್ಟು ಅಂತ ಭತ್ತ ಪಡೆಯುವುದು. ಅಪ್ಪನಿಗೆ ಯಾರಾದರೂ ಬೈದದ್ದನ್ನು ಚನ್ನಮಲ್ಲಪ್ಪ ಕಂಡಿಲ್ಲ. ಅಪ್ಪ ಸಾಧು ಸ್ವಭಾವದವನಾಗಿದ್ದ ಎಂದಲ್ಲ, ಅವನೂ ಮುಂಗೋಪಿಯೇ. ಅಪ್ಪನ ಬೆನ್ನಿಗೆ ಬಸವ ಇದ್ದ, ಮಗನ ಬೆನ್ನಿಗೆ ಯಾರೂ ಇಲ್ಲ, ಅಷ್ಟೇ ವ್ಯತ್ಯಾಸ.

ಆ ಬಸವ ಇದ್ದದ್ದು ಕೆರೆಯ ಒಳಗೆ. ತೂಬಿನಿಂದ ಸ್ವಲ್ಪ ದೂರದಲ್ಲಿ ಒಂದು ಹಾಸುಬಂಡೆ, ಅದರ ಮೇಲೆ ಕಾಲು ಮಡಿಸಿ ಕೂತ ಕರಿಕಲ್ಲಿನ ಬಸವ. ಮಳೆಗಾಲದಲ್ಲಿ ಪೂರ್ತಿ ಮುಳುಗಿರುತ್ತಿದ್ದ. ಶಿವರಾತ್ರಿಯ ಆಸುಪಾಸಿಗೆ ಕೊಂಬು ಕಾಣುತ್ತಿತ್ತು, ಆಮೇಲೆ ಬೆನ್ನು. ಬೆನ್ನು ಕಂಡರೆ ಗದ್ದೆ ತೋಟಗಳಿಗೆ ಬಿಡುವ ನೀರನ್ನು ಅರ್ಧ ಮಾಡುತ್ತಿದ್ದರು. ಮಡಿಸಿದ ಮಂಡಿ ಕಂಡ ದಿನ ಅಪ್ಪ ಏರಿಯ ಮೇಲೆ ನಿಂತು, "ಬಸವ ಎದ್ದ ಕಣ್ರಪ್ಪೋ" ಎಂದು ಒಂದು ಕೂಗು ಹಾಕುತ್ತಿದ್ದ. ಅಲ್ಲಿಗೆ ಮುಗಿಯಿತು, ತೂಬು ಬಂದ್. ದನ ಕರು ಕುಡಿಯಬಹುದು, ಮನೆಗೆ ಕೊಡ ತುಂಬಿಸಬಹುದು, ಬೆಳೆಗೆ ಮಾತ್ರ ಒಂದು ಹನಿಯೂ ಇಲ್ಲ. ಎಷ್ಟೇ ದೊಡ್ಡ ಜಮೀನುದಾರನಾದರೂ ಅಪ್ಪನ ಹತ್ತಿರ ಬಂದು ವಾದ ಮಾಡುವಂತಿರಲಿಲ್ಲ. ಬಸವನ ಹತ್ತಿರ ಯಾರು ವಾದ ಮಾಡುತ್ತಾರೆ?

ಎಮ್ಮೆ ಮೈ ತೊಳೆಯಲು ಕೆರೆಗಿಳಿಯುತ್ತಿದ್ದ ವಯಸ್ಸಿನಲ್ಲಿ ಚನ್ನಮಲ್ಲಪ್ಪ ಒಮ್ಮೆ ಕೇಳಿದ್ದ, ಅಷ್ಟು ನೀರಿದ್ದರೂ ಯಾಕೆ ಬಿಡುವುದಿಲ್ಲ ಎಂದು. ಅಪ್ಪ ಬೀಡಿ ಕಚ್ಚಿಕೊಂಡೇ ಹೇಳಿದ್ದ: "ಮಂಡಿಯಿಂದ ಕೆಳಗಿನ ನೀರು ನಮ್ದಲ್ಲ ಕಣೋ. ಇನ್ನೂ ಹುಟ್ದಿರೋರ್ದು. ಕೆರೆ ತಳ ಒಣಗಿ ಬಾಯಿ ಬಿಡ್ತು ಅಂದ್ರೆ ಆಮೇಲೆ ಎಷ್ಟ್ ಮಳೆ ಬಂದ್ರೂ ನೀರು ನಿಲ್ಲಲ್ಲ, ಬಾವಿ ಒರತೇನೂ ಸಾಯ್ತದೆ." ಏರಿಯ ಕೆಳಗಿರುವ ಕುಡಿಯುವ ನೀರಿನ ಬಾವಿಗೆ ಈಗಲೂ ಆ ಒರತೆಯೇ ಗತಿ. ಮಧ್ಯೆ ಕೊರೆಸಿದ ಕೊಳವೆ ಬಾವಿ ಒಂದು ಬೇಸಿಗೆ ಕೆಂಪು ನೀರು ಕಾರಿ ಸುಮ್ಮನಾಯಿತು.

ಇಂಥ ಬಸವನನ್ನು ಊರವರು ಭಕ್ತಿಯಿಂದ ಎತ್ತಿ ಹಾಕಿದರು. ಹೌದು, ಭಕ್ತಿಯಿಂದಲೇ, ಅದನ್ನೇ ಚನ್ನಮಲ್ಲಪ್ಪನಿಗೆ ತಡೆಯಲಾಗದ್ದು. ನಾಲ್ಕು ವರ್ಷದ ಹಿಂದೆ ಕೆರೆ ಹೂಳೆತ್ತುವ ಕೆಲಸ ಬಂತು. ಜೆಸಿಬಿ ಇಳಿಯಿತು. ಮೈಯೆಲ್ಲ ಕೆಸರು ಮೆತ್ತಿ ಕೂತ ಬಸವನನ್ನು ಕಂಡು ಕೆರೆ ಸಮಿತಿಯ ಅಧ್ಯಕ್ಷ ಮರುಳಸಿದ್ದಪ್ಪನವರ ಕಣ್ಣಲ್ಲಿ ನೀರು ಬಂತು. "ಅಯ್ಯೋ, ನಾವೆಲ್ಲ ತಾರಸಿ ಮನೇಲಿ ಮಲಗ್ತೀವಿ, ದೇವ್ರು ಕೊಚ್ಚೇಲಿ ಕೂತವ್ನಲ್ಲಪ್ಪ" ಎಂದರು. ಎಲ್ಲರಿಗೂ ಹೌದೆನ್ನಿಸಿತು. ಹಗ್ಗ ಕಟ್ಟಿ ಎಳೆದರು. ಹಗ್ಗದ ಒಂದು ತುದಿಯಲ್ಲಿ ಚನ್ನಮಲ್ಲಪ್ಪನೂ ಇದ್ದ, ಹರಹರ ಮಹಾದೇವ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನೂ ಅವನೇ. ಏರಿಯ ಮೇಲೆ ಮಂಟಪ ಕಟ್ಟಿಸಿದರು, ಟೈಲ್ಸ್ ಹಾಕಿಸಿದರು, ಮಠದಿಂದ ಸ್ವಾಮಿಗಳನ್ನು ಕರೆಸಿದರು. ಪಕ್ಕದಲ್ಲಿ ಬೋರ್ಡು: "ಮುಂದಿನ ಪೀಳಿಗೆಗಾಗಿ ನಮ್ಮ ಕೆರೆ." ಊಟಕ್ಕೆ ಹೋಳಿಗೆ ಹಾಕಿಸಿದ್ದರು.

ಮಾಡಿದ ಕೆಲಸ ಏನೆಂದು ಹೊಳೆದದ್ದು ಮುಂದಿನ ಬೇಸಿಗೆಗೆ. ಕೆರೆ ಇಳಿಯಿತು. ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವರಿಲ್ಲ. ಬಸವ ಮೇಲೆ ಟೈಲ್ಸಿನ ಮೇಲೆ ಬೆಚ್ಚಗೆ ಕೂತಿದ್ದಾನೆ, ಅವನ ಮಂಡಿ ಹನ್ನೆರಡು ತಿಂಗಳೂ ಒಣಗಿರುತ್ತದೆ. ಚನ್ನಮಲ್ಲಪ್ಪ ತಾನೇ ಏರಿ ಮೇಲೆ ನಿಂತು ಅಪ್ಪನ ಹಾಗೆ ಕೂಗಿ ನೋಡಿದ. "ಎಲ್ಲಿ ಎದ್ದ ಚನ್ನಣ್ಣ, ಅಲ್ಲೇ ಕೂತವ್ನಲ್ಲ" ಎಂದು ಹುಡುಗರು ಮಂಟಪದ ಕಡೆ ಕೈ ತೋರಿಸಿ ನಕ್ಕರು. ಸಮಿತಿಯ ಮುಂದೆ ಹೇಳಿದ. ಪ್ರತಿಷ್ಠಾಪನೆ ಆದ ದೇವರನ್ನು ಮತ್ತೆ ಕೆಸರಿಗೆ ಹಾಕುವುದುಂಟೇ ಎಂದು ಅವನ ಬಾಯಿ ಮುಚ್ಚಿಸಿದರು. ಪಂಚಾಯಿತಿಯಲ್ಲಿ ಹೇಳಿದ. ನೀರಿಲ್ಲದಿದ್ದರೆ ಟ್ಯಾಂಕರ್ ತರಿಸೋಣ ಬಿಡಿ ಎಂದರು. ಟ್ಯಾಂಕರಿಗೆ ನೀರು ಯಾರಪ್ಪನ ಮನೆಯಿಂದ ಬರುತ್ತದೆ ಎಂದು ಕೇಳಿದ್ದಕ್ಕೆ, ಮಾತಾಡುವ ರೀತಿ ಕಲಿಯಬೇಕು ಎಂಬ ಬುದ್ಧಿವಾದ ಸಿಕ್ಕಿತು.

ಈ ವರ್ಷವಂತೂ ಕೇಳುವುದೇ ಬೇಡ. ಕಾಫಿಗೆ ಹಿಂದೆ ಕಾಣದ ರೇಟು ಬಂದಿದೆ. ಫೆಬ್ರವರಿ ಕಳೆದರೂ ಹೂಮಳೆ ಬರಲಿಲ್ಲ. ಆ ಒಂದು ಮಳೆ ಬಿದ್ದರೆ ಗಿಡ ಹೂ ಬಿಡುತ್ತದೆ, ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಸೀದು ಹೋಗುತ್ತದೆ, ಮುಂದಿನ ಫಸಲೂ ಅದರ ಜೊತೆಗೇ ಹೋಗುತ್ತದೆ. ಮಳೆ ಬರದಿದ್ದರೆ ಸ್ಪ್ರಿಂಕ್ಲರ್. ಊರಿನಲ್ಲಿ ಎಲ್ಲರಿಗಿಂತ ದೊಡ್ಡ ತೋಟದ ನಿರಂಜನ್ ಮೊದಲು ಕೆರೆಗೆ ಪೈಪು ಬಿಟ್ಟ. ಅವನ ಡೀಸೆಲ್ ಪಂಪು ಹಗಲೂ ರಾತ್ರಿ ಗುಡುಗುಡು ಎಂದಿತು. ಒಂದು ಸುತ್ತು ಮುಗಿಸಿ ಇನ್ನೊಂದು ಸುತ್ತೂ ಹೊಡೆಸಿದ. ಆಮೇಲೆ ಅದೇ ಪಂಪನ್ನು ಉಳಿದವರಿಗೆ ಸರದಿಯ ಮೇಲೆ ಬಾಡಿಗೆಗೆ ಬಿಟ್ಟ. ದೊಡ್ಡವರದು ಮೊದಲು, ಸಣ್ಣವರದು ಕೊನೆಗೆ.

ಚನ್ನಮಲ್ಲಪ್ಪನಿಗೂ ಒಂದೂವರೆ ಎಕರೆ ರೋಬಸ್ಟಾ ಕಾಫಿ ಇದೆ. ಹೆಂಡತಿ ವಿಮಲಮ್ಮ ಬೆಳಗಾದರೆ ಅದೇ ರಾಗ.

"ಕೆರೆ ಕಾಯೋಕೆ ನಿಮ್ಮೊಬ್ರಿಗೇ ಗುತ್ತಿಗೆ ಕೊಟ್ಟವ್ರಾ? ನಿರಂಜನ್ ತೋಟ ಹೋಗಿ ನೋಡಿ, ಮಲ್ಲಿಗೆ ಹಾಸ್ದಂಗೈತೆ. ನಮ್ ಗಿಡ ನೋಡುದ್ರೆ ಕರುಳು ಕಿತ್ತು ಬರ್ತದೆ. ಅಮೃತನ್ ಸೀಟಿಗೆ ಏನ್ ಮಾಡ್ತೀರ?"

ಅಮೃತಾ ಅವರ ಒಬ್ಬಳೇ ಮಗಳು, ಎರಡನೇ ಪಿಯುಸಿ ಪರೀಕ್ಷೆ ಬರೆಯುತ್ತಿದ್ದಳು. ಮಡಿಕೇರಿಯಲ್ಲಿ ನರ್ಸಿಂಗ್ ಓದಬೇಕೆಂಬ ಆಸೆ. ಹೋದ ಫಸಲಿನ ದುಡ್ಡೆಲ್ಲ ವಿಮಲಮ್ಮನ ಆಪರೇಷನ್ನಿಗೆ ಹೋಗಿತ್ತು. ಈ ಸಲ ಗಿಡ ಹೂ ಬಿಟ್ಟರೆ, ಹೂ ನೋಡಿ ಕಾಫಿ ವ್ಯಾಪಾರಿ ಮುಂಗಡ ಕೊಡುತ್ತಾನೆ, ಮುಂಗಡ ಸಿಕ್ಕರೆ ಕಾಲೇಜು. ಹೂ ಇಲ್ಲದಿದ್ದರೆ ಕಾಲೇಜೂ ಇಲ್ಲ. ಲೆಕ್ಕ ಅಷ್ಟು ಸಲೀಸು, ಅಷ್ಟು ದರಿದ್ರದ್ದು.

ತಾನು ನೀರು ಎತ್ತುವುದಿಲ್ಲ ಎಂದು ಚನ್ನಮಲ್ಲಪ್ಪ ಮೊದಮೊದಲು ಹಠ ಹಿಡಿದ. ಆದರೆ ಆ ಹಠಕ್ಕೂ ಅರ್ಥ ಬೇಕಲ್ಲ? ಅವನು ಬಿಟ್ಟ ನೀರೇನು ಕೆರೆಯಲ್ಲಿ ಉಳಿಯುತ್ತದೆಯೇ? ಸರದಿಯಲ್ಲಿ ಅವನ ಹಿಂದೆಯೇ ನೆರೆಮನೆಯ ಕೀರ್ತಿಕುಮಾರ್ ನಿಂತಿದ್ದಾನೆ, ಅವನ ತೋಟಕ್ಕೆ ಹೋಗುತ್ತದೆ. ಅವನೂ ಬಿಟ್ಟರೆ ಅವನ ಹಿಂದಿನವನಿಗೆ. ಒಳ್ಳೆಯವನಾಗಿ ಬಾಳುವುದಕ್ಕೂ ಈ ಊರು ದಾರಿ ಇಟ್ಟಿಲ್ಲ ಎಂದು ಚನ್ನಮಲ್ಲಪ್ಪ ಹಲ್ಲು ಕಡಿದ. ಕೊನೆಗೆ ನಿರಂಜನನ ಹತ್ತಿರ ಹೋಗಿ ತನ್ನ ಸರದಿ ಬಿಡುವುದಿಲ್ಲ ಎಂದು ಹೇಳಿ ಬಂದ. ವಿಮಲಮ್ಮ ಅಂದು ಶಾವಿಗೆ ಪಾಯಸ ಮಾಡಿದಳು. ಅವನು ತನ್ನ ಪಾಲನ್ನು ಅಮೃತಾಳ ಕಡೆ ಸರಿಸಿ ಎದ್ದ.

ಅವನ ಸರದಿಗೆ ಒಂದು ದಿನ ಉಳಿದಿರುವಾಗ ಬಾವಿ ಕೈಕೊಟ್ಟಿತು. ಮೋಟಾರು ಹಾಕಿದರೆ ಗಾಳಿ ಬರುತ್ತಿದೆ. ಮೊದಲು ನಿಂತದ್ದು ಪೈಪಿನ ಕೊನೆಯಲ್ಲಿರುವ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ನಲ್ಲಿ. ಅಲ್ಲಿಯ ಬೆಳ್ಳಿ ಎಂಬವಳು ಹತ್ತಾರು ಹೆಂಗಸರನ್ನು ಕಟ್ಟಿಕೊಂಡು ಖಾಲಿ ಕೊಡಗಳ ಸಮೇತ ಏರಿಯ ಮೇಲೆ ಬಂದು ಕೂತಳು.

"ಕಾಫಿಗೆ ಸ್ನಾನ ಮಾಡುಸ್ತೀರಿ, ಎರಡೆರಡ್ ಸಲ. ನಮ್ ಮಕ್ಳಿಗೆ ಮೈ ತೊಳಿಯಕ್ಕೆ ನೀರಿಲ್ಲ. ಯಾರ್ ಜವಾಬ್ ಹೇಳ್ತೀರ ಇದುಕ್ಕೆ, ನೀನ್ ಹೇಳ್ತೀಯಾ ಚನ್ನಣ್ಣಾ?"

ಅವನು ಮರುಳಸಿದ್ದಪ್ಪನವರಿಗೆ ಫೋನು ಹಚ್ಚಿ, "ನೀವು ಬಂದು ಹೇಳಿ, ನಂಗೆ ಸಾಕಾಗೈತೆ" ಎಂದು ಕೂಗಾಡಿದ.

ಆ ಬೆಳಿಗ್ಗೆಯೇ ಏರಿಯ ಮೇಲೆ ಊರು ಸೇರಿತು. ಮರುಳಸಿದ್ದಪ್ಪನವರು ಶಲ್ಯ ಸರಿಮಾಡಿಕೊಂಡು ಎದ್ದು ನಿಂತರು. "ಸ್ವಾಮಿಗಳ್ನ ಕೇಳಿದೀನಿ ಕಣ್ರಪ್ಪ. ಬಸವನ್ನ ಮತ್ತೆ ಕೆರೆಗಿಳಿಸ್ಬೋದಂತೆ, ದೋಷ ಇಲ್ವಂತೆ. ಮೊದ್ಲು ಎಲ್ಲಿದ್ನೋ ಅಲ್ಲೇ ಇಡೋಣ. ಮಂಡಿ ಕಂಡ್ರೆ ಪಂಪ್ ಎತ್ಬೇಕು, ಹಿಂದಿನ್ ಕಟ್ಟಳೆ." ಮೂರು ವರ್ಷ ಚನ್ನಮಲ್ಲಪ್ಪ ಹೇಳಿದಾಗ ಇದ್ದ ದೋಷ ಈಗ ಹೇಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಎಲ್ಲರೂ ಆಗಲಿ ಎಂದರು. ತಕರಾರು ಹುಟ್ಟಿದ್ದು ಬಸವ ಮೊದಲು ಎಲ್ಲಿದ್ದ ಎಂಬಲ್ಲಿ. ಜೆಸಿಬಿ ಓಡಾಡಿದ ಮೇಲೆ ಕೆರೆಯ ಹೊಟ್ಟೆಯೆಲ್ಲ ಬದಲಾಗಿತ್ತು. ನೀರು ಇಳಿದ ಕಡೆ ಬಂಡೆಗಳು ಅಲ್ಲೊಂದು ಇಲ್ಲೊಂದು ಎದ್ದು ಕಾಣುತ್ತಿದ್ದವು, ಕೆಲವು ಮೇಲೆ, ಕೆಲವು ನೀರಂಚಿನಲ್ಲಿ. ಮೇಲಿನ ಬಂಡೆಯಾದರೆ ಮಂಡಿ ಆಗಲೇ ಕಂಡು ಹೋಗಿದೆ, ಪಂಪು ಈ ಹೊತ್ತೇ ನಿಲ್ಲಬೇಕು. ಕೆಳಗಿನದಾದರೆ ಇನ್ನೂ ಒಂದು ವಾರ ಎತ್ತಬಹುದು.

"ಮೇಲಿನ್ ಬಂಡೆ, ಅನುಮಾನವೇ ಇಲ್ಲ" ಎಂದು ನಿರಂಜನ್ ಮುಂದೆ ಬಂದ. "ನೀರು ಉಳಿಸ್ಬೇಕು ಕಣ್ರೀ. ನಮ್ ಮಕ್ಳು ಮೊಮ್ಮಕ್ಳಿಗೆ ಏನ್ ಬಿಟ್ಟು ಹೋಗ್ತೀವಿ ನಾವು? ಬಸವನ್ನ ಇಳ್ಸಕ್ಕೆ ನನ್ ಟ್ರ್ಯಾಕ್ಟರ್ ಕೊಡ್ತೀನಿ, ಡೀಸೆಲ್ಲೂ ನಂದೇ." ಎರಡು ಸುತ್ತು ನೀರು ಕುಡಿಸಿ ತೋಟವೆಲ್ಲ ಬಿಳಿ ಮಾಡಿಕೊಂಡವನ ಬಾಯಲ್ಲಿ ಈ ಮಾತು! ಅವನ ಹಿಂದೆ ತಲೆಯಾಡಿಸಿದವರೆಲ್ಲ ನೀರು ಹೊಡೆಸಿ ಮುಗಿಸಿದವರೇ. ಒಬ್ಬೊಬ್ಬರಿಗೂ ಇದ್ದಕ್ಕಿದ್ದಂತೆ ಮೊಮ್ಮಕ್ಕಳ ನೆನಪು ಉಕ್ಕಿ ಬಂದಿತ್ತು.

"ಕೆಳಗಿದ್ದ ಕಣ್ರೀ, ನೀರಂಚಲ್ಲಿ ಕಾಣ್ತಾ ಐತಲ್ಲ, ಅಲ್ಲಿ! ನಮ್ಮಜ್ಜಿ ಹೇಳ್ತಿದ್ರು" ಎಂದು ಕೀರ್ತಿಕುಮಾರ್ ಚೀರಿದ. ಸರದಿ ಕಾಯುತ್ತಿದ್ದ ಸಣ್ಣವರೆಲ್ಲ ಅವನ ಕಡೆ ಸೇರಿದರು. ಒಬ್ಬ ಹೋಗಲಿ ನಡುವೆ ಇಡೋಣ ಎಂದ. ಇನ್ನೊಬ್ಬ ನಡುವಿಗಿಂತ ಎರಡು ಮೊಳ ಕೆಳಗೆ ಎಂದ. ಸಂತೆಯಲ್ಲಿ ಎಮ್ಮೆ ವ್ಯಾಪಾರ ಮಾಡುವ ಹಾಗೆ ದೇವರನ್ನು ಮೊಳದ ಲೆಕ್ಕದಲ್ಲಿ ಏರಿಸಿದರು, ಇಳಿಸಿದರು. ಚನ್ನಮಲ್ಲಪ್ಪನಿಗೆ ಎಲ್ಲರನ್ನೂ ಒಟ್ಟಿಗೆ ಆ ಕೆಸರಿಗೆ ನೂಕಿಬಿಡಬೇಕು ಅನ್ನಿಸಿತು.

ಕೊನೆಗೆ ಮರುಳಸಿದ್ದಪ್ಪನವರು ಅವನ ಕಡೆ ತಿರುಗಿದರು. "ಚನ್ನಮಲ್ಲಪ್ಪ, ನಿಮ್ಮಪ್ಪನ್ ಜೊತೆ ತಿರುಗ್ದವ್ನು ನೀನು. ಎಮ್ಮೆ ತೊಳ್ದು ಅದೇ ಬಸವನ್ ಪಕ್ಕ ಕೂರ್ತಿದ್ದೆ. ನೀನೇ ತೋರ್ಸಪ್ಪ. ನೀನ್ ತೋರ್ಸಿದ್ದೇ ಕಡೆ." ಎರಡು ಕಡೆಯವರೂ ಒಪ್ಪಿದರು.

ಅವನು ಪಂಚೆ ಎತ್ತಿ ಕಟ್ಟಿ ಕೆರೆಗಿಳಿದ. ಏರಿಯ ಮೇಲೆ ವಿಮಲಮ್ಮ ನಿಂತಿದ್ದಳು, ಪಕ್ಕದಲ್ಲಿ ಅಮೃತಾ. ನೋಡಬಾರದೆಂದುಕೊಂಡರೂ ಅವನ ಕಣ್ಣು ಅತ್ತ ಹೋಯಿತು. ಕೀರ್ತಿಕುಮಾರ್ ಹಿಂದೆಯೇ ಇಳಿದು ಬಂದ.

"ಚನ್ನಣ್ಣ, ನಾಳೆ ನಿಂದು, ನಾಡಿದ್ದು ನಂದು. ಇನ್ನು ನಾಕ್ ಹೆಜ್ಜೆ ಮುಂದಕ್ಕೆ ಹೋಗ್ಬುಡು. ಯಾರಿಗ್ ಗೊತ್ತಾಯ್ತದೆ? ನೀರೆಲ್ಲ ಕುಡ್ದವ್ರು ಅವ್ರು, ಉಪವಾಸ ನಾವಾ?" ಎಂದು ಪಿಸುಗುಟ್ಟಿದ.

ಅವನ ಮಾತಿನಲ್ಲಿ ತಪ್ಪೇನಿತ್ತು? ಒಂದು ಅಕ್ಷರವೂ ತಪ್ಪಿರಲಿಲ್ಲ. ಆ ಹೊತ್ತಿಗೆ ಚನ್ನಮಲ್ಲಪ್ಪನ ಅಂಗಾಲಿಗೆ ಬಂಡೆ ಸಿಕ್ಕಿತ್ತು. ಬಸವನ ಪಕ್ಕ ಅವನು ಕಾಲು ಇಳಿಬಿಟ್ಟು ಕೂರುತ್ತಿದ್ದ ಜಾಗ, ಅಂಚಿನಲ್ಲಿ ಸವೆದ ಕಚ್ಚು, ಕತ್ತಲಲ್ಲಾದರೂ ಗುರುತು ಹಿಡಿಯುತ್ತಿದ್ದ. ಅದು ಮೇಲಿನ ಬಂಡೆಯೇ. ನೀರು ಅದನ್ನು ಬಿಟ್ಟು ಎಷ್ಟೋ ಕೆಳಗೆ ಸರಿದಿತ್ತು.

ಅಲ್ಲೇ ನಿಂತ. ನಾಲ್ಕು ಹೆಜ್ಜೆ, ಅಷ್ಟೇ. ನಾಳೆ ಗಿಡಕ್ಕೆ ನೀರು, ವಾರ ಕಳೆದರೆ ಹೂ, ಮಗಳಿಗೆ ಕಾಲೇಜು. ಒಂದು ವಾರದ ನೀರಿಗೆ ಕೆರೆ ಸತ್ತೇ ಹೋಗುತ್ತದೆಂದು ಯಾರಿಗೆ ಗೊತ್ತು? ಆದರೆ ಇದು ಒಂದು ವಾರದ ಮಾತಲ್ಲ, ಅಲ್ಲಿಯೇ ಅವನ ಕಾಲು ಸಿಕ್ಕಿಕೊಂಡಿತು. ಇವತ್ತು ಎಲ್ಲಿ ಕೈ ತೋರಿಸುತ್ತಾನೋ ಅಲ್ಲಿ ಬಸವ ಕೂರುತ್ತಾನೆ. ನಾಳೆ ಅವನು ಸಾಯುತ್ತಾನೆ, ಕೀರ್ತಿಕುಮಾರ್ ಸಾಯುತ್ತಾನೆ, ಬಸವ ಅಲ್ಲೇ ಇರುತ್ತಾನೆ. ದೇವರೇ ಬೇಡ ಅಂದಿಲ್ಲವಲ್ಲ ಎಂದುಕೊಂಡು ಊರು ಪ್ರತಿ ವರ್ಷ ಅಲ್ಲಿಯವರೆಗೆ ಹೀರುತ್ತದೆ. ಅವನ ಒಂದು ಸುಳ್ಳಿಗೆ ಹೂವು ಏರಿಸಿ, ಮಂಗಳಾರತಿ ಎತ್ತಿ, ಕೈ ಮುಗಿಯುತ್ತದೆ. ಹೀಗೊಂದು ಕುಣಿಕೆಗೆ ಊರವರು ತನ್ನ ಕೊರಳನ್ನೇ ಹುಡುಕಿ ಸಿಕ್ಕಿಸಿದರಲ್ಲ ಎಂದು ಅವನಿಗೆ ಈ ಕಟ್ಟಳೆ ಕಲಿಸಿದ ಅಪ್ಪನ ಮೇಲೂ ಸಿಟ್ಟು ಬಂತು.

"ಇಲ್ಲೇ ಕಣ್ರೋ!" ಎಂದು ಕೂಗಿದ. ಕೂಗಿದ್ದು ಏರಿಗೆ ಬಡಿದು ವಾಪಸು ಬಂತು. "ಇಲ್ಲೇ ಕೂತಿದ್ದ. ಮೂರು ವರ್ಷದಿಂದ ಬಾಯಿ ಬಡ್ಕೊಂಡೆ, ಒಬ್ರಾದ್ರೂ ಕೇಳುದ್ರಾ? ಎದ್ದು ಹೋಗಿ ಎಷ್ಟೋ ದಿನ ಆಗೈತೆ ಬಸವ. ಎತ್ರೋ ಪಂಪನ್ನ!"

ನಿರಂಜನ್ ಚಪ್ಪಾಳೆ ತಟ್ಟಿದ. ಅವನ ಕಡೆಯವರೂ ತಟ್ಟಿದರು. ಬೈಗುಳಕ್ಕೆ ಒಗ್ಗಿದ ಜೀವ ಚನ್ನಮಲ್ಲಪ್ಪನದು, ಆದರೆ ಆ ಚಪ್ಪಾಳೆ ಅವನ ಮೈಗೆ ಬೆಂಕಿ ಇಟ್ಟ ಹಾಗಾಯಿತು. ಕೀರ್ತಿಕುಮಾರ್ ಕೆಸರಿಗೆ ಉಗಿದು, "ನಿನ್ ಮನೆ ಹಾಳಾಗ, ಜೊತೆಗೆ ನನ್ನನ್ನೂ ಹಾಳ್ ಮಾಡ್ದಲ್ಲ" ಎಂದು ಹತ್ತಿ ಹೋದ. ಬೆಳ್ಳಿ ಕೊಡ ಎತ್ತಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರ್ ಬಂತು, ಬಸವ ಇಳಿದ.

ಮನೆಯಲ್ಲಿ ವಿಮಲಮ್ಮ ಪಾತ್ರೆ ಕುಕ್ಕುವ ಸದ್ದು ಬೀದಿಗೆ ಕೇಳಿಸುತ್ತಿತ್ತು. ಅಮೃತಾ ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು, ಪುಟ ತಿರುವುತ್ತಿರಲಿಲ್ಲ. ಅವನು ಕಾಲು ತೊಳೆದು ಒಳಗೆ ಹೋಗುವಾಗ ತಲೆ ಎತ್ತದೆಯೇ ಕೇಳಿದಳು.

"ಮಕ್ಳು ಮೊಮ್ಮಕ್ಳು ಮುಂದಿನೋರು ಅಂತ ಎಲ್ರೂ ಕಿರುಚಿದ್ರಲ್ಲ. ನಾನು ಮುಂದಿನೋಳಲ್ವಾ ಅಪ್ಪಾಜಿ?"

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ನೀನೂ ಮುಂದಿನೋಳೇ ಕಣಮ್ಮ. ಅದುಕ್ಕೇ ನಂಗೆ ತಲೆ ಕೆಟ್ಟೋಗಿರೋದು" ಎಂದ.

ಯುಗಾದಿಯ ಹೊತ್ತಿಗೆ ಅವನ ಗಿಡಗಳ ಮೊಗ್ಗು ಕೆಂಪಾಗಿ ಉದುರಿತು. ಮಳೆ ಬಂದದ್ದು ಅದಾದ ಮೇಲೆ, ಬಂದು ಪ್ರಯೋಜನವೇನು? ವ್ಯಾಪಾರಿ ಬಂದು ತೋಟ ಸುತ್ತಿ, ಚಹಾ ಕುಡಿದು, ಮುಂಗಡದ ಮಾತೇ ಎತ್ತದೆ ಹೋದ. ಬಾವಿಯಲ್ಲಿ ಒರತೆ ಮೆಲ್ಲಗೆ ಜಿನುಗಿತು, ಲೈನ್ ಮನೆಗಳಿಗೆ ದಿನ ಬಿಟ್ಟು ದಿನ ನೀರು ಹೋಯಿತು.

ಕಾಲೇಜಿಗೆ ಸೇರುವ ದಿನಗಳು ಬಂದಾಗ ಅಮೃತಾ ಶನಿವಾರಸಂತೆಯ ಬಟ್ಟೆ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೊರಟಳು. ಮೊದಲ ದಿನ ಅವನೇ ಬಸ್ಸಿನವರೆಗೆ ಬಂದ. ಬಸ್ಸು ತಿರುವಿನಲ್ಲಿ ಕಂಡಾಗ, "ಮುಂದಿನ್ ವರ್ಷ ಸೇರ್ಸೇ ಸೇರ್ಸ್ತೀನಿ ಕಣಮ್ಮ" ಎಂದ.

"ಸರಿ ಅಪ್ಪಾಜಿ" ಎಂದು ಅವಳು ಬಸ್ಸು ಹತ್ತಿದಳು.

ಅವಳು ನಾಲ್ಕು ಮಾತು ಬೈದಿದ್ದರೆ ಅವನೂ ಎಂದಿನಂತೆ ತಿರುಗಿ ಬೈಯಬಹುದಿತ್ತು.